ಮೇಲಿನ ಮನೆಯ ನೀರು

ಪಂಚಶೀಲಾ ಟೀಚರ್ ಶಹಾಪುರಕ್ಕೆ ವರ್ಗವಾಗಿ ಬಂದ ವರ್ಷ ಹನ್ನೊಂದು ಮನೆಗಳ ಬಾಗಿಲಿಗೆ ಹೋಗಿ ನಿಂತಿದ್ದಳು. ಹನ್ನೊಂದೂ ಕಡೆ ಮೊದಲು ನಗು, ಆಮೇಲೆ 'ಸರ್ಕಾರಿ ನೌಕರಿ ಅಂದ್ರ ಭಾಳ ಚೊಲೋ' ಎಂಬ ಮೆಚ್ಚುಗೆ, ಆಮೇಲೆ ಆ ಪ್ರಶ್ನೆ.

"ನಿಮ್ಮ ಅಡ್ಡಹೆಸರೇನ್ರಿ ಟೀಚರ್?"

ಅಡ್ಡಹೆಸರು ಬೇಕಾಗಿರಲಿಲ್ಲ. ಪಂಚಶೀಲಾ ಎಂಬ ಹೆಸರೇ ಊರಿನ ಯಾವ ಓಣಿಯದೆಂದು ಹೇಳಿಬಿಡುತ್ತಿತ್ತು. ಹೇಳಿದ ಮರುಗಳಿಗೆ ಖಾಲಿ ಮನೆಗೆ ಜನ ಬಂದುಬಿಡುತ್ತಿದ್ದರು. ಮನೆ ಖಾಲಿ ಅದ, ಖರೆ, ಆದ್ರ ನಮ್ಮ ಅಳಿಯ ಬರಾಂವ ಅದಾನ. ಒಂದೇ ವಾರದಲ್ಲಿ ಹನ್ನೊಂದು ಮನೆಗೆ ಹನ್ನೊಂದು ಅಳಿಯಂದಿರು ಬರುವವರಿದ್ದರು. ಒಂದು ತಾಲೂಕಿನಲ್ಲಿ ಇಷ್ಟು ಅಳಿಯಂದಿರಿರುವುದು ಜನಗಣತಿಯವರಿಗೂ ಗೊತ್ತಿರಲಿಕ್ಕಿಲ್ಲ.

ಹನ್ನೆರಡನೆಯದು ನಾಗಣ್ಣನವರ ಮನೆ. ಕಿರಾಣಿ ಸಾಮಾನಿನ ದೊಡ್ಡ ವ್ಯಾಪಾರ, ಕೊರಳಲ್ಲಿ ಲಿಂಗ, ನಡುಮನೆಯಲ್ಲಿ ಶರಣರ ಪಟ. ವರ್ಷಕ್ಕೊಮ್ಮೆ ಜಯಂತಿಯ ದಿನ ಮೈಕ್ ಹಿಡಿದು ಎಲ್ಲರೂ ಒಂದೇ ಎಂದು ಇಪ್ಪತ್ತು ನಿಮಿಷ ಹೇಳುವ ಮನುಷ್ಯ. "ನಮ್ಮಲ್ಲಿ ಅದೇನೂ ಇಲ್ರಿ" ಎಂದರು, ಯಾರೂ ಕೇಳುವ ಮೊದಲೇ. ಪಂಚಶೀಲಾಳ ಶಾಲೆಯಲ್ಲೇ ಎಂಟನೆಯ ಕ್ಲಾಸಿಗೆ ಕಾಲಿಡಲಿದ್ದ ಮಗಳು ಶಾಂಭವಿಗೆ ವಿಜ್ಞಾನ ಹೇಳಿಕೊಡುವವರು ಬೇಕಾಗಿದ್ದರು ಎಂಬುದು ಆಮೇಲೆ ತಿಳಿಯಿತು. ಮೇಲಿನ ಮನೆ ಕೊಟ್ಟರು. ಹೊರಗಿನ ಮೆಟ್ಟಿಲು. ಕೆಳಗಿನ ಮೋಟರಿನ ಗುಂಡಿ ಒತ್ತಬಾರದು, ಮಾಳಿಗೆಯ ಮೇಲಿನ ಸಿಂಟೆಕ್ಸಿನ ಮುಚ್ಚಳ ತೆರೆಯಬಾರದು. ನೀರು ನಳದಲ್ಲಿ ತಾನೇ ಬರುತ್ತದೆ.

"ತಿಳೀತಲ್ರಿ?"

"ತಿಳೀತ್ರಿ."

ಪಂಚಶೀಲಾಳ ತಾಯಿ ತಿಮ್ಮವ್ವನಿಗೂ ತಿಳಿಯಿತು. ಶಿರವಾಳದ ದಾರಿಯ ಹಳ್ಳಿಯಲ್ಲಿ ಕೂಲಿ ಮಾಡಿ ಮಗಳನ್ನು ಬಿ.ಎಡ್. ತನಕ ಓದಿಸಿದ ಹೆಂಗಸು. ಬಾವಿಯ ಕಟ್ಟೆಯಿಂದ ಹತ್ತು ಹೆಜ್ಜೆ ಆಚೆ ಕೊಡ ಇಟ್ಟು, ಯಾರಿಗಾದರೂ ಮನಸ್ಸು ಬಂದು ಸುರಿಯಲಿ ಎಂದು ಅರ್ಧ ಆಯುಷ್ಯ ಕುಕ್ಕರಗಾಲಲ್ಲಿ ಕುಳಿತು ಕಳೆದವಳು. ಸಿಂಟೆಕ್ಸಿನ ಷರತ್ತು ಕೇಳಿ ಆಕೆ ನಕ್ಕಳು. "ಬಾವಿ ಮಾಳಿಗಿ ಮ್ಯಾಲ ಬಂದೈತಿ, ಅಷ್ಟ. ನಡಿ, ಸಾಮಾನ ಇಳಸು."

ಪಂಚಶೀಲಾ ಒಪ್ಪಿದ್ದು ಆ ಮಾಳಿಗೆಗಾಗಿ. ಮೇಲಿನ ಮನೆಯ ಮುಂದೆ ಅಚ್ಚುಕಟ್ಟಾದ ಬಯಲು ಮಾಳಿಗೆ, ಅದರ ಮೂಲೆಗೆ, ಮನೆಯ ಛಾವಣಿಯಿಂದ ಇಳಿಯುವ ಮಳೆನೀರಿನ ಕೊಳವೆ. ಆ ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನಾಲ್ಕು ನೀಲಿ ಡ್ರಮ್ ಇಟ್ಟರೆ ಆಕೆಯ ಮೀನು ಬದುಕುತ್ತವೆ. ಇಲ್ಲದಿದ್ದರೆ ಸಾಯುತ್ತವೆ. ಹೆಚ್ಚಿಗೆ ವಿವರಿಸುವ ಲೆಕ್ಕ ಅದರಲ್ಲಿಲ್ಲ.

ಮೀನು ಅಂದರೆ ದಕ್ಷಿಣ ಅಮೆರಿಕದ ಸಣ್ಣ ಸಿಕ್ಲಿಡ್‌ಗಳು. ಕಿರುಬೆರಳಿನಷ್ಟು ಉದ್ದ. ಶಹಾಪುರಕ್ಕೆ ಬರುವ ಮುಂಚೆ ಯಾದಗಿರಿಯಿಂದ ರೈಲು ಹತ್ತಿ ಹೈದರಾಬಾದಿಗೆ ತರಬೇತಿಗೆ ಹೋದಾಗ ಒಂದು ಅಂಗಡಿಯಲ್ಲಿ ಕಂಡು, ಊಟದ ಡಬ್ಬಿಯ ಚೀಲದಲ್ಲಿ ಆರು ಮೀನು ಇಟ್ಟುಕೊಂಡು ಬಂದಳು. ಬಂದವಳೇ ಬೋರಿನ ನೀರಿಗೆ ಬಿಟ್ಟಳು. ಎರಡು ದಿನಕ್ಕೆ ಆರೂ ಸತ್ತವು. ಈ ಕಡೆಯ ಬೋರಿನ ನೀರು ಎಂಥದೆಂದು ಕೊಡ ತೊಳೆಯುವ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ. ಆರು ತಿಂಗಳಿಗೆ ಕೊಡದ ಒಳಗೆ ಸುಣ್ಣದ ಪದರು. ಆ ಮೀನುಗಳೋ, ಕಾಡಿನ ಎಲೆ ಕೊಳೆತು ಚಹದ ಬಣ್ಣ ಬಂದ ಮೆದು ನೀರಿನಲ್ಲಿ ಸಾವಿರಾರು ವರ್ಷ ಹುಟ್ಟಿ ಬೆಳೆದವು. ವಿಜ್ಞಾನದ ಟೀಚರು ಗಡಸು ನೀರು ಮೆದು ನೀರು ಎಂದು ವರ್ಷವರ್ಷ ಬೋರ್ಡಿನ ಮೇಲೆ ಬರೆದವಳು, ಕೈಯಲ್ಲಿ ಆರು ಸತ್ತ ಮೀನು ಹಿಡಿದಾಗ ಪಾಠ ಕಲಿತಳು. ಮತ್ತೆ ಹೈದರಾಬಾದಿಗೆ ಹೋದಳು. ಈ ಸಲ ಮಳೆನೀರು, ಅದರಲ್ಲಿ ಶಾಲೆಯ ಕಂಪೌಂಡಿನ ಬದಾಮಿ ಮರದ ಒಣಗಿದ ಎಲೆ. ನೀರು ಕಂದಾಯಿತು. ಮೀನು ಬದುಕಿದವು. ನಾಗಣ್ಣನವರ ಮಾಳಿಗೆಯ ಮೂರನೆಯ ಮಳೆಗಾಲದಲ್ಲಿ, ಅಡ್ಡ ಮಲಗಿಸಿದ ಮಣ್ಣಿನ ಕುಡಿಕೆಯ ಒಳಮೇಲ್ಭಾಗಕ್ಕೆ ಅಂಟಿಸಿ ಒಂದು ಹೆಣ್ಣು ಮೊಟ್ಟೆಯಿಟ್ಟಿತು.

ಈ ಮೀನಿನ ಹೆಣ್ಣು ದಿನನಿತ್ಯ ಕಣ್ಣಿಗೆ ಬೀಳುವಂಥದಲ್ಲ. ಬೂದು ಮೈ, ಒಂದು ಮಸುಕು ಗೆರೆ. ಮೊಟ್ಟೆಯಿಟ್ಟ ಗಳಿಗೆಯಿಂದ ಅದರ ಮೈ ಅರಿಷಿಣ ಹಚ್ಚಿದಂತೆ ಹಳದಿಯಾಗುತ್ತದೆ, ರೆಕ್ಕೆಯ ಅಂಚು ಕಾಡಿಗೆಯಂತೆ ಕಪ್ಪಾಗುತ್ತದೆ. ತನಗಿಂತ ಎರಡರಷ್ಟು ದೊಡ್ಡ ಗಂಡನ್ನು ಮೂಲೆಗೆ ಅಟ್ಟುತ್ತದೆ. ಮರಿಗಳು ಈಜತೊಡಗಿದ ಮೇಲೆ ಹಿಂದೆ ಕರೆದುಕೊಂಡು ತಿರುಗುತ್ತದೆ, ಅಪಾಯ ಕಂಡರೆ ಮೈ ಒಮ್ಮೆ ಝಾಡಿಸುತ್ತದೆ, ಅಷ್ಟಕ್ಕೇ ನಲವತ್ತು ಮರಿಗಳೂ ಎಲೆಗಳ ಮೇಲೆ ಬಿದ್ದು ಅಲುಗಾಡದೆ ಮಲಗುತ್ತವೆ.

ತಿಮ್ಮವ್ವ ಮೀನಿನ ಗಾಜಿನ ಟ್ಯಾಂಕಿನ ಮುಂದೆ ಗೋಣಿತಟ್ಟು ಹಾಸಿಕೊಂಡು ಕೂಡುತ್ತಿದ್ದಳು. "ಗಂಡನ್ನ ಮೂಲಿಗಿ ಕೂಡಿಸೈತಿ ನೋಡು. ಈ ಬುದ್ಧಿ ನನಗ ಮದುವ್ಯಾದ ವರ್ಷ ಇದ್ದಿದ್ದರ ಆಗ್ತಿತ್ತು."

"ಅಪ್ಪ ಪಾಪದವ ಇದ್ದನಬೇ."

"ಪಾಪದವನ ಇದ್ದ. ಕುಡದಾಗ ಅಷ್ಟ ಇದ್ದಿಲ್ಲ."

ಸಂಜೆ ಶಾಂಭವಿ ಪಾಠಕ್ಕೆ ಬರುತ್ತಿದ್ದಳು. ಪುಸ್ತಕಕ್ಕಿಂತ ಟ್ಯಾಂಕನ್ನೇ ಹೆಚ್ಚು ನೋಡುತ್ತಿದ್ದಳು. ನೀರಿಗೆ ಅದ್ದಿದರೆ ಎಷ್ಟು ಗಡಸು ಎಂದು ಅಂಕಿ ತೋರಿಸುವ ಪೆನ್ನಿನಂಥ ಮೀಟರನ್ನು ಆ ಹುಡುಗಿಯ ಕೈಗೇ ಕೊಡುತ್ತಿದ್ದಳು ಪಂಚಶೀಲಾ. ಡ್ರಮ್ಮಿನ ನೀರಿಗೆ ಇಪ್ಪತ್ತೆರಡು. ನಳದ ನೀರಿಗೆ ಸಾವಿರದ ನಾನೂರು. "ಒಮ್ಮಿಗೇ ಇದರಿಂದ ಅದಕ್ಕ ಬಿಟ್ರ ಏನಾಗ್ತದ?" ಎಂದು ಕೇಳಿದರೆ ಶಾಂಭವಿ "ಸಾಯ್ತಾವ್ರಿ ಮಿಸ್, ಹನಿ ಹನಿ ಕೂಡಿಸಿ ರೂಢಿ ಮಾಡ್ಬೇಕು" ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ಪಾಠ ಮುಗಿಸಿ ಹುಡುಗಿ ಕೆಳಗಿಳಿದ ಮೇಲೆ ಪ್ರತಿದಿನ ಬಾಗಿಲಲ್ಲಿ ಚೊಂಬಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ತಾಯಿ ದೇವಕ್ಕ ಮಗಳ ಕಾಲಿಗೆ ನೀರು ಹಾಕಿ ಒಳಗೆ ಕರೆದುಕೊಳ್ಳುತ್ತಿದ್ದಳು. ಮೆಟ್ಟಿಲ ಧೂಳು ಇರಬೇಕು ಎಂದು ಪಂಚಶೀಲಾ ಎರಡು ವರ್ಷ ಅಂದುಕೊಂಡಳು. ಓದಿದವರು ತಮಗೆ ತಾವೇ ಎಂಥೆಂಥ ಸುಳ್ಳು ಹೇಳಿಕೊಳ್ಳುತ್ತಾರೆ ಎಂಬುದಕ್ಕೆ ಅದೂ ಒಂದು.

ಶ್ರಾವಣ ಬಂತು. ನಾಗಣ್ಣನವರು ಕೆಳಗಿನ ನಡುಮನೆಯನ್ನೂ ಅಂಗಳವನ್ನೂ ಟೈಲ್ಸ್ ಹಾಕಿಸಿ ಹೊಸದು ಮಾಡಿದ್ದರು. ವಾಸ್ತು ಹೇಳುವ ವಿಶ್ವರಾಧ್ಯ ಎಂಬವರು ಬಂದು, ಈಶಾನ್ಯಕ್ಕೆ, ದೇವರ ಮನೆಯ ಮಗ್ಗಲಿಗೆ, ನೀರು ಮತ್ತು ಹಳದಿ ಮೀನು ಇಡಿ ಎಂದರು. ನಾಲ್ಕಡಿಯ ಗಾಜಿನ ಟ್ಯಾಂಕ್ ಬಂತು. ಹಳದಿ ಮೀನು ಎಲ್ಲಿದೆ ಎಂದು ಶಾಂಭವಿಯೇ ಹೇಳಿರಬೇಕು.

ನಾಗಣ್ಣ ಮೂರು ವರ್ಷದಲ್ಲಿ ಮೊದಲ ಸಲ ಮೆಟ್ಟಿಲು ಹತ್ತಿ ಬಂದರು. ಹೊಸ್ತಿಲ ಹೊರಗೆ ನಿಂತು ಕತ್ತು ಚಾಚಿ ನೋಡಿದರು.

"ಏ, ಭಾರಿ ಅದಲ್ರಿ ಟೀಚರ್. ಥೇಟ್ ಲಕ್ಷ್ಮಿ. ಇದನ್ನ ಕೊಡ್ರಿ ನಮಗ."

"ಸರ್, ಅದು ಬಾಣಂತಿ ಐತ್ರಿ. ಮರಿ ಅದಾವಂತ ಹಳದಿ ಆಗೇದ. ಮರಿ ಬಿಡಿಸಿದ್ರ ಅದು ಬೂದ ಆಗ್ತದ್ರಿ. ಈ ಹಳದಿ ನಿಮಗ ಸಿಗೋದಿಲ್ಲ."

"ಕೊಡಾಕ ಮನಸಿಲ್ಲ ಅನ್ರಿ, ನಡೀತದ."

"ಹಂಗಲ್ರಿ. ಎರಡ ತಿಂಗಳ ತಡೀರಿ. ಮರಿ ದೊಡ್ಡಾಗ್ತಾವ, ಹತ್ತು ಕೊಡ್ತೀನಿ."

"ಸೋಮವಾರ ಪೂಜಿ ಅದ್ರಿ." ನಾಗಣ್ಣ ಮೆಟ್ಟಿಲಿಗೆ ತಿರುಗಿದರು. ಎರಡು ಮೆಟ್ಟಿಲಿಳಿದು, ಏನೋ ನೆನಪಾದವರಂತೆ ನಿಂತರು. "ಅಂದಂಗ ಮನಿ ಕರಾರು ಈ ತಿಂಗಳ ಮುಗೀತದಲ್ರಿ. ಪೂಜಿ ಆಗ್ಲಿ, ಕೂತು ಮಾತಾಡೋಣಂತ."

ಅವರು ಹೋದ ಮೇಲೆ ತಿಮ್ಮವ್ವ ಗೋಣಿತಟ್ಟು ಮಡಚಿಟ್ಟಳು. "ಕೊಡು."

"ಮರಿ ಸಾಯ್ತಾವಬೇ."

"ಮನಿ ಹೋದ್ರ ಎಲ್ಲಾ ಸಾಯ್ತಾವ. ಹನ್ನೊಂದ ಮಂದಿ ಅಳಿಯಂದಿರ ಮುಖ ಮತ್ತ ನೋಡಾಕ ನನ್ನ ಕಾಲಾಗ ಶಕ್ತಿ ಇಲ್ಲ."

ಭಾನುವಾರ ಪಂಚಶೀಲಾ ಗಾಜಿನ ಲೋಟ ಹಿಡಿದು ಆ ಹೆಣ್ಣನ್ನು ಹಿಡಿದಳು. ಅದು ಓಡಲಿಲ್ಲ. ಮೈ ಝಾಡಿಸಿ ಮರಿಗಳನ್ನು ಮಲಗಿಸಿ, ಲೋಟದ ಅಂಚನ್ನೇ ಕಚ್ಚಲು ಬಂತು. ಹಾಗೆ ಬಂದದ್ದರಿಂದಲೇ ಸಿಕ್ಕಿತು. ಜೊತೆಗೆ ಒಂದು ಗಂಡನ್ನೂ ಹಿಡಿದಳು. ಎರಡನ್ನೂ ಅವುಗಳದೇ ಕಂದು ನೀರಿನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಇನ್ನೂ ನಾಲ್ಕು ಕ್ಯಾನ್ ಡ್ರಮ್ಮಿನ ನೀರು ತುಂಬಿದಳು. ಟ್ಯಾಂಕಿಗೆ ಮೊದಲು ಈ ನೀರು, ಆಮೇಲೆ ಚೀಲ ತೇಲಿಬಿಡುವುದು, ಆಮೇಲೆ ಎರಡು ತಾಸು ಹನಿ ಹನಿ. ಎಂಟು ಸಾಲಿನಲ್ಲಿ ಚೀಟಿ ಬರೆದಳು. ನಾನೇ ಬಂದು ಬಿಡಲೇ ಎಂದು ಕೇಳಿದಳು.

"ಬ್ಯಾಡ್ರಿ, ಮಡಿ ನಡದದ" ಎಂದಳು ದೇವಕ್ಕ, ನಗುತ್ತಲೇ. "ಶಾಂಭವಿಗೆ ಎಲ್ಲಾ ಗೊತ್ತದಲ್ಲ, ಮಾಡ್ತಾಳ."

ಶಾಂಭವಿ ಚೀಟಿ ಓದಿ "ಗೊತ್ತದ್ರಿ ಮಿಸ್" ಎಂದಳು. ಕ್ಯಾನುಗಳನ್ನು ಕೆಳಗಿನ ಆಳು ಹೊತ್ತೊಯ್ದ.

ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಟ ಪಂಚಶೀಲಾ ಹೊರಗಿನ ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಮನೆಯ ಮುಂದಿನ ಗಟಾರದಲ್ಲಿ ಬದಾಮಿ ಎಲೆಯ ಚೂರುಗಳು ಅಂಟಿಕೊಂಡಿದ್ದವು. ಅಂಗಳದ ಹೊಸ ಟೈಲ್ಸಿನ ಮೇಲೆ ಚಹ ಚೆಲ್ಲಿದಂಥ ಕಲೆ ಗಟಾರದ ತನಕ ಹರಿದಿತ್ತು. ನಾಲ್ಕು ಕ್ಯಾನ್ ಬೋರಲು ಬಿದ್ದಿದ್ದವು. ಒಳಗೆ ಗಂಟೆ ಬಾರಿಸುತ್ತಿದ್ದರು. ಆಕೆ ಒಂದು ನಿಮಿಷ ನಿಂತಳು. ಬಾಗಿಲು ಬಡಿಯಲಿಲ್ಲ. ಬಡಿದಿದ್ದರೂ ಆ ಹೊತ್ತಿಗೆ ಮಾಡುವಂಥದ್ದೇನೂ ಉಳಿದಿರಲಿಲ್ಲ ಎಂದು ಆಕೆಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಇರಲಿಲ್ಲ. ಶಾಲೆಗೆ ಹೋಗಿ ಆರು ಪೀರಿಯಡ್ ಪಾಠ ಮಾಡಿದಳು. ಶಾಂಭವಿ ಅಂದು ಕ್ಲಾಸಿಗೆ ಬಂದಿರಲಿಲ್ಲ.

ಸಂಜೆ ಕರೆ ಬಂತು. ಹೊರಗಿನ ಕಟ್ಟೆಯ ಮೇಲೆ ನಾಗಣ್ಣ, ವಿಶ್ವರಾಧ್ಯ. ಬಾಗಿಲ ಚೌಕಟ್ಟಿಗೆ ಒರಗಿ ದೇವಕ್ಕ, ಅವಳ ಹಿಂದೆ ಶಾಂಭವಿ. ಪಂಚಶೀಲಾಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮರ್ಯಾದೆಗೆ ಯಾವ ಕೊರತೆಯೂ ಇರಲಿಲ್ಲ.

"ಆರತಿ ಹೊತ್ತಿಗೆ ಹೊಟ್ಟಿ ಮ್ಯಾಲ ಮಾಡಿ ತೇಲಿದ್ವು ಟೀಚರ್," ಎಂದರು ನಾಗಣ್ಣ. "ಬೀಗರು, ವ್ಯಾಪಾರದ ಮಂದಿ, ಎಲ್ಲಾರೂ ನೋಡಿದ್ರು. ಶ್ರಾವಣ ಸೋಮವಾರ, ಹೊಸಾ ಮನಿ. ಮಂದಿ ಏನೇನರ ಆಡ್ತಾರ."

"ಅಪಶಕುನ ಅಂತಾರ," ವಿಶ್ವರಾಧ್ಯ ಸೇರಿಸಿದರು. ಜಾಗ ತೋರಿಸಿದವರು ಅವರೇ, ಹಾಗಾಗಿ ಅವರಿಗೂ ಅವಸರವಿತ್ತು.

"ಅದಕ್ಕ ಒಂದ ಮಾತು. ನಾಳಿ ಬೀಗರು ಇನ್ನೂ ಇರ್ತಾರ. ನೀವು ಬಂದು, ಮೀನಿಗೆ ಮೊದಲ ಜಡ್ಡಿತ್ತು, ನನಗ ಗೊತ್ತಾಗಲಿಲ್ಲ ಅಂದ್ಬಿಡ್ರಿ. ಮುಗೀತು. ನಮಗೇನ ಸಿಟ್ಟಿಲ್ಲ. ಕರಾರು ನಾಳೀನೇ ಮುಂದುವರಸೋಣಂತ."

ಮೂರು ವರ್ಷದ ಮಾಳಿಗೆ, ನಾಲ್ಕು ಡ್ರಮ್, ತಾಯಿಯ ಕಾಲು. ಎಲ್ಲದರ ಬೆಲೆ ಒಂದು ವಾಕ್ಯ. ಪಂಚಶೀಲಾ ಆ ವಾಕ್ಯವನ್ನು ಬಾಯೊಳಗೆ ಒಮ್ಮೆ ತಿರುಗಿಸಿ ನೋಡಿದಳು. ಹೇಳಿಬಿಡಬಹುದಿತ್ತು. ನಮ್ಮ ದೇಶದಲ್ಲಿ ದಿನಕ್ಕೆ ಲಕ್ಷ ಜನ ಹೇಳುತ್ತಾರೆ, ಹೇಳಿ ಮನೆಗೆ ಹೋಗಿ ಊಟ ಮಾಡುತ್ತಾರೆ.

"ಜಡ್ಡಿರಲಿಲ್ರಿ. ನಾ ಕೊಟ್ಟ ನೀರು ಏನ ಮಾಡಿದ್ರಿ?"

"ಚೆಲ್ಲಿದ್ವಿ," ಎಂದಳು ದೇವಕ್ಕ.

"ಚೀಟಿಯಾಗ ಬರದಿದ್ದೆ."

"ಓದೀವ್ರಿ. ಆದ್ರ ನೀವ ಹೇಳ್ರಿ ಟೀಚರ್, ನಿಮ್ಮ ಮನಿ ನೀರು ದೇವರ ಮನಿ ಮಗ್ಗಲಕ್ಕ ಹೆಂಗ ಇಡಾಕ ಬರ್ತದ?" ದೇವಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಹಾಲಿಗೆ ಹುಳಿ ಹಿಂಡಬಾರದು ಎಂದು ಹೊಸ ಸೊಸೆಗೆ ಹೇಳುವ ದನಿ. "ಹಂಗಂತ ಮೀನು ಬಿಟ್ಟಿಲ್ಲ. ಚಂದಂಗ ತೊಳದು ಹಾಕೀವಿ."

"ತೊಳದು?"

"ಬೋರಿನ ನೀರಾಗ ಮೂರ ಸಲ. ಮೂರನೇ ಸಲ ಒಂದ ಚಿಟಿಕಿ ವಿಭೂತಿ ಹಾಕಿ."

ಇಪ್ಪತ್ತೆರಡರ ನೀರಿನಿಂದ ಸಾವಿರದ ನಾನೂರಕ್ಕೆ, ಮೂರು ಸಲ, ಕೊನೆಗೆ ಬೂದಿ. ಕೈಯಲ್ಲಿ ಹಿಡಿದು ತೊಳೆದಿದ್ದಾರೆ. ಮರಿಗಳಿಗಾಗಿ ಹಳದಿಯಾಗಿದ್ದ ಆ ಮೈಯನ್ನು ಬೆರಳಲ್ಲಿ ಉಜ್ಜಿದ್ದಾರೋ ಏನೋ. ಪಂಚಶೀಲಾಳಿಗೆ ತನ್ನ ಮೊದಲ ಆರು ಮೀನು ನೆನಪಾದವು. ಅವನ್ನು ಕೊಂದದ್ದು ಅವಳ ತಿಳಿಗೇಡಿತನ. ಇಲ್ಲಿ ತಿಳಿದವಳು ಬಾಗಿಲ ಹಿಂದೆ ನಿಂತಿದ್ದಳು.

"ಶಾಂಭವಿ, ನಾ ಏನ ಹೇಳಿದ್ದೆ ಅವ್ವಗ ಹೇಳು."

ಹುಡುಗಿ ಕಾಲಿನ ಹೆಬ್ಬೆರಳಿನಿಂದ ಟೈಲ್ಸ್ ಗೀರುತ್ತ ನಿಂತಳು.

"ಹುಡುಗೀನ್ಯಾಕ ಕೇಳ್ತೀರಿ," ಎಂದರು ನಾಗಣ್ಣ.

"ಮೀನು ಬೇಕಾತು, ನೀರು ಬ್ಯಾಡಾತು. ನೀರು ಚೆಲ್ಲಿದ್ದಕ್ಕ ಸತ್ತಾವ್ರಿ. ನಾಳಿ ಕರದ್ರ ಬೀಗರ ಮುಂದನೂ ಇದನ್ನ ಹೇಳ್ತೀನಿ."

ಆಮೇಲೆ ನಡೆದದ್ದನ್ನು ಪಂಚಶೀಲಾ ಮರೆಯಲಾರಳು. ಯಾರೂ ಕೂಗಾಡಲಿಲ್ಲ. ವಿಶ್ವರಾಧ್ಯ ತಲೆದೂಗಿ, "ದೇವಕ್ಕಾರ ಮಾತೂ ಖರೇನ ಅದರಿ, ಪೂಜಿ ಜಾಗಾ" ಎಂದರು. ನಾಗಣ್ಣ ಹೌದೆಂದರು. ಮೀನು ಯಾತಕ್ಕೆ ಸತ್ತವು ಎಂಬುದು ಎಲ್ಲರಿಗೂ ಗೊತ್ತಾಗಿತ್ತು, ಎಲ್ಲರೂ ಒಪ್ಪಿದ್ದರು, ಅದರಲ್ಲಿ ತಪ್ಪೇನಿದೆ ಎಂದು ಮಾತ್ರ ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಾನೂನಿನ ಪುಸ್ತಕದಲ್ಲಿ ಬೈಗುಳಕ್ಕೆ ಕಲಮು ಇದೆ, ಚೆಲ್ಲಿದ ನಾಲ್ಕು ಕ್ಯಾನ್ ನೀರನ್ನು ಯಾವ ಠಾಣೆಗೆ ಒಯ್ಯುವುದು?

"ಹಂಗಾದ್ರ ಇರ್ಲಿ ಬಿಡ್ರಿ," ನಾಗಣ್ಣ ಎದ್ದು ಧೋತರ ಸರಿಮಾಡಿಕೊಂಡರು. "ಮ್ಯಾಲಿನ ಮನಿ ನಮಗ ಬೇಕಾಗ್ತದ. ತಂಗಿ ಮಗ, ಅಳಿಯ, ಬರಾಂವ ಅದಾನ."

ಹನ್ನೆರಡನೆಯ ಅಳಿಯ ಮೂರು ವರ್ಷ ತಡವಾಗಿ ಬಂದಿದ್ದ.

ಮೇಲೆ ತಿಮ್ಮವ್ವ ಮೆಟ್ಟಿಲ ತುದಿಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. "ಒಂದ ಮಾತು ಅಂದಿದ್ರ ಆಗ್ತಿತ್ತಲ್ಲ," ಎಂದಳು. ಮೆಟ್ಟಿಲಿಂದೆದ್ದು, "ನಾನೂ ಅಂತಿದ್ದಿಲ್ಲ" ಎಂದಳು. ಅಷ್ಟು ಹೇಳಿ ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದಳು, ಇನ್ನೂ ಹದಿನೈದು ದಿನ ಇದ್ದರೂ.

ತಾಯಿಯಿಲ್ಲದ ಮರಿಗಳು ಮೈ ಝಾಡಿಸುವವರಿಲ್ಲದೆ ನೀರಿನ ತುಂಬ ಚೆಲ್ಲಾಪಿಲ್ಲಿಯಾದವು. ಟ್ಯಾಂಕಿನಲ್ಲಿ ಉಳಿದಿದ್ದ ಇನ್ನೊಂದು ಗಂಡು ಎರಡು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ತಿಂದುಹಾಕಿತು, ಅದನ್ನು ಬೇರೆ ಬಕೆಟ್ಟಿಗೆ ಹಾಕುವಷ್ಟರಲ್ಲಿ. ಉಪ್ಪುನೀರಿನಲ್ಲಿ ಸೀಗಡಿಯ ಮೊಟ್ಟೆ ಒಡೆಸಿ, ಹೊರಬಂದ ಸಣ್ಣ ಮರಿಗಳನ್ನು ಪಿಪೆಟ್ಟಿನಲ್ಲಿ ಬೆಳಿಗ್ಗೆ ಸಂಜೆ ಉಣಿಸಿದಳು. ಮನೆ ಬಿಡುವ ದಿನ ಎಣಿಸಿದರೆ ಹದಿಮೂರು ಇದ್ದವು.

ಸಾಮಾನು ಸುರಪುರಕ್ಕೆ ಒಯ್ಯಲು ಟೆಂಪೊ ತಂದ ನಯೀಮ ನೀರು ತುಂಬಿದ ಡ್ರಮ್ ನೋಡಿ ಸೊಂಟಕ್ಕೆ ಕೈಯಿಟ್ಟ. "ಟೀಚರ್, ನೀರು ಹೊರಸಾಕತ್ತೀರಲ್ರಿ, ಸುರಪುರದಾಗ ನೀರಿಲ್ಲೇನು?"

"ಇವಕ್ಕ ಇದ ನೀರ ಬೇಕೋ."

"ಭಾಳ ನಖರಾ ಮೀನ ಅವ." ಬೈಯುತ್ತಲೇ ಎರಡು ಡ್ರಮ್ ಹೊತ್ತ. ಉಳಿದೆರಡಕ್ಕೆ ಜಾಗ ಸಾಲಲಿಲ್ಲ. ಪಂಚಶೀಲಾ ಅವನ್ನು ಅಲ್ಲೇ ಮಾಳಿಗೆಯ ಮೇಲೆ ಬಗ್ಗಿಸಿದಳು. ಕಂದು ನೀರು ಮಾಳಿಗೆಯ ತೂಬಿನಿಂದ ಇಳಿದು ಅಂಗಳದ ಟೈಲ್ಸಿನ ಮೇಲೆ ಹರಿಯಿತು. ಕೆಳಗೆ ಯಾರೋ ಬಕೆಟ್ ಹುಡುಕಿ ಓಡಾಡಿದ ಸದ್ದು ಕೇಳಿತು. ಅದರಿಂದ ಆಕೆಗೆ ಸಮಾಧಾನವೇನೂ ಆಗಲಿಲ್ಲ.

ಸುರಪುರದಲ್ಲಿ ಸಿಕ್ಕ ಕೋಣೆ ತಮ್ಮ ಮಂದಿಯ ಓಣಿಯದು. ಯಾರೂ ಅಡ್ಡಹೆಸರು ಕೇಳಲಿಲ್ಲ. ಮೇಲೆ ಹಳೆಯ ತಗಡು, ಅದರ ಮಳೆನೀರು ಪಕ್ಕದ ಮನೆಯ ಹಿತ್ತಿಲಿಗೆ ಇಳಿಯುತ್ತದೆ, ತುಕ್ಕಿನ ಸಮೇತ. ಅದು ಇಳಿಯುವುದಕ್ಕೂ ಈಗ ಮಳೆ ಇಲ್ಲ. ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ತಿಮ್ಮವ್ವನಿಗೆ ಇಲ್ಲಿ ಮಾತಾಡಲು ಜನ ಸಿಕ್ಕಿದ್ದಾರೆ, ಅದೊಂದು. ಹದಿಮೂರು ಮರಿಗಳಲ್ಲಿ ಒಂಬತ್ತು ಉಳಿದಿವೆ. ವಾರಕ್ಕೆರಡು ಸಲ ಟ್ಯಾಂಕಿನ ನೀರು ಸ್ವಲ್ಪ ತೆಗೆದು ಡ್ರಮ್ಮಿನದನ್ನು ಹಾಕಬೇಕು. ಹಾಕಿದಷ್ಟೂ ಡ್ರಮ್ಮು ಇಳಿಯುತ್ತದೆ.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಪಂಚಶೀಲಾ ಖಾಲಿಯಾದ ಡ್ರಮ್ಮನ್ನು ಬೋರಲು ಹಾಕಿ ಅದನ್ನೇ ಮೇಜು ಮಾಡಿಕೊಂಡು ಅರ್ಧವಾರ್ಷಿಕ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದಳು. ಪ್ರಶ್ನೆಪತ್ರಿಕೆ ಆಕೆಯದಲ್ಲ, ಎಲ್ಲ ಶಾಲೆಗಳಿಗೂ ಕೂಡಿ ಬಂದದ್ದು. ಹದಿನಾಲ್ಕನೆಯ ಪ್ರಶ್ನೆ: ಗಡಸು ನೀರಿಗೂ ಮೆದು ನೀರಿಗೂ ಇರುವ ವ್ಯತ್ಯಾಸ ತಿಳಿಸಿ, ನೀವು ಕಂಡ ಒಂದು ಉದಾಹರಣೆ ಕೊಡಿ. ಎರಡು ಅಂಕ. ಮಕ್ಕಳು ಸಾಬೂನು ನೊರೆ ಬರುವುದಿಲ್ಲ ಎಂದು ಬರೆದಿದ್ದರು, ಬೇಳೆ ಬೇಯುವುದಿಲ್ಲ ಎಂದು ಬರೆದಿದ್ದರು. ಒಬ್ಬ ಹುಡುಗ ಅಜ್ಜನ ಹಲ್ಲು ಕಂದಾಗಿದೆ ಎಂದು ಬರೆದಿದ್ದ.

ಶಾಂಭವಿಯ ಪೇಪರ್ ಬಂತು. ದುಂಡನೆಯ ಅಕ್ಷರ, ಪಂಚಶೀಲಾಳೇ ತಿದ್ದಿಸಿದ್ದು. ಒಂದರಿಂದ ಹದಿಮೂರರ ತನಕ ಎಲ್ಲ ಸರಿ. ಹದಿನೈದರಿಂದ ಕೊನೆಯ ತನಕವೂ ಸರಿ. ನಡುವೆ ಹದಿನಾಲ್ಕು ಎಂದು ಅಂಕಿ ಬರೆದು, ಅಡಿಗೆರೆ ಎಳೆದು, ಆರು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದಳು. ಒಂದು ಅಕ್ಷರವೂ ಇರಲಿಲ್ಲ, ಬರೆದು ಅಳಿಸಿದ ಗುರುತೂ ಇರಲಿಲ್ಲ.

ಪಂಚಶೀಲಾ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದಳು. ಅದನ್ನು ನಾಚಿಕೆ ಎಂದು ಓದಬಹುದಿತ್ತು. ಹಾಗೆ ಓದಲು ಅವಳಿಗೆ ಆಸೆಯೂ ಆಯಿತು. ಚೊಂಬಿನ ನೀರನ್ನು ಮೆಟ್ಟಿಲ ಧೂಳಿಗೆಂದು ಎರಡು ವರ್ಷ ಓದಿದ್ದವಳು ಅವಳೇ. ಕೆಂಪು ಪೆನ್ನಿನಿಂದ ಸೊನ್ನೆ ಸುತ್ತಿದಳು.

"ಡ್ರಮ್ಮಿನ್ಯಾಗ ಎಷ್ಟ ಉಳದೈತಿ?" ಟ್ಯಾಂಕಿನ ಮುಂದೆ ಗೋಣಿತಟ್ಟಿನ ಮೇಲೆ ಕುಳಿತಿದ್ದ ತಿಮ್ಮವ್ವ ಕೇಳಿದಳು.

"ಒಂದ ಗೇಣು."

"ಮಳಿ ಯಾವಾಗಂತ?"

"ಜೂನಕ್ಕ."

ತಿಮ್ಮವ್ವ ಬೆರಳು ಮಡಚಿ ತಿಂಗಳು ಎಣಿಸಿದಳು, ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಳು, ಅಲ್ಲಿಗೆ ನಿಲ್ಲಿಸಿದಳು. ಪಂಚಶೀಲಾ ಮುಂದಿನ ಪೇಪರ್ ತೆಗೆದಳು.